ಊಟಕ್ಕೆ ಮೊದಲು ಕೂಡುವವರು

ನಾನು ಈವರೆಗೆ ಒಂದು ತೊಟ್ಟು ಕುಡಿದವಳಲ್ಲ. ಆದರೆ ಕಣ್ಣು ಕಟ್ಟಿ ನಿಲ್ಲಿಸಿ ಮೂಗಿನ ಮುಂದೆ ಗ್ಲಾಸು ಹಿಡಿದರೆ, ಇದು ವಿಸ್ಕಿ, ಇದು ರಮ್ಮು, ಇದು ಏಲಕ್ಕಿ ಜಗಿದು ಮುಚ್ಚಿಟ್ಟ ರಮ್ಮು ಎಂದು ಬಿಡಿಸಿ ಹೇಳಬಲ್ಲೆ. ಡೊಂಬಿವಲಿಯ ಚಾಳಿನ ಮನೆಯಲ್ಲಿ ಅಮ್ಮ ಕಲಿಸಿದ ವಿದ್ಯೆ ಅದು. ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ಅಮ್ಮ ನನ್ನ ಬೆನ್ನಿಗೆ ಕೈಯಿಟ್ಟು ತಳ್ಳುತ್ತಿದ್ದಳು. "ಹೋಗು, ಅಪ್ಪನ ಕೊರಳಿಗೆ ಬೀಳು." ನಾನು ಓಡಿ ಹೋಗಿ ಜೋತು ಬೀಳುತ್ತಿದ್ದೆ. ಆಮೇಲೆ ಅಡುಗೆಮನೆಗೆ ಬಂದು ತಲೆ ಅಡ್ಡ ಆಡಿಸಿದರೆ ಅಮ್ಮ ತಟ್ಟೆ ಇಡುತ್ತಿದ್ದಳು. ಮೇಲೆ ಕೆಳಗೆ ಆಡಿಸಿದರೆ ತಂಗಿಯನ್ನು ಎತ್ತಿಕೊಂಡು ಪಕ್ಕದ ಮನೆಗೆ ಟಿವಿ ನೋಡಲು ಹೋಗುತ್ತಿದ್ದಳು. ಅಪ್ಪನನ್ನು ನಾನು ಅಪ್ಪಿಕೊಂಡದ್ದೆಲ್ಲ ಡ್ಯೂಟಿಯ ಮೇಲೆ ಅಂತಲೇ ಲೆಕ್ಕ.

ಅಪ್ಪ ಕಲ್ಯಾಣದಲ್ಲಿ ನನ್ನ ಸೋದರಮಾವನ ಪರ್ಮಿಟ್ ರೂಮಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದ. ಊಟದ ಜೊತೆ ಕುಡಿಯಲೂ ಕೊಡುವ ಹೋಟೆಲಿಗೆ ಈ ಕಡೆ ಹಾಗೆ ಹೇಳುತ್ತಾರೆ. ಉಡುಪಿ ಕಡೆಯಿಂದ ಬಂದ ಹುಡುಗನಿಗೆ ಸಿಕ್ಕಿದ ಮೊದಲ ನೌಕರಿ, ಸಿಕ್ಕಿದ ಮೊದಲ ಹೆಣ್ಣು, ಎರಡೂ ಅದೇ ಮಾಲೀಕನ ಕಡೆಯಿಂದ. ದಿನವಿಡೀ ಬೇರೆಯವರಿಗೆ ಅಳೆದು ಕೊಡುತ್ತ ಕೊಡುತ್ತ ತನಗೂ ಅಳೆದುಕೊಳ್ಳತೊಡಗಿದ. ಅವನ ಗೆಳೆಯರು ಕೆಳಗಿನಿಂದ ಕೂಗುತ್ತಿದ್ದರು, "ಕಾಯ್ ಶೇಟ್, ಆಜ್ ಬಸಾಯ್ಚಾ ಕಾ?" ಇವತ್ತು ಕೂತುಕೊಳ್ಳುವುದಾ? ಮರಾಠಿಯಲ್ಲಿ 'ಬಸಾಯ್ಚಾ', ಹಿಂದಿಯಲ್ಲಿ 'ಬೈಠ್ನಾ', ನಮ್ಮವರ ಕನ್ನಡದಲ್ಲಿ 'ಕೂತುಕೊಳ್ಳುವುದು'. ಮುಂಬಯಿ ಕಡೆ ಗಂಡಸರು ಗಂಡಸರಿಗೆ ಹಾಗೆ ಹೇಳಿದರೆ ಯಾರೂ ಕುರ್ಚಿ ಹುಡುಕುವುದಿಲ್ಲ, ಬಾಟಲಿ ಹುಡುಕುತ್ತಾರೆ. ನಮ್ಮ ಮನೆಯಲ್ಲಿ ನೆಂಟರು ಬಂದಾಗ "ಕೂತ್ಕೊಳ್ಳಿ" ಎಂದರೂ ಅಮ್ಮನ ಮುಖ ಒಂದು ಕ್ಷಣ ಗಂಟಾಗುತ್ತಿತ್ತು.

ಆಮೇಲೆ ಅಪ್ಪ ಬಿಟ್ಟ. ಹೇಗೆ ಬಿಟ್ಟ ಎನ್ನುವುದು ಅವನ ಕತೆ, ನಾನು ಹೇಳಬಾರದು. ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬಿದ್ದವನನ್ನು ಅಮ್ಮ ಎಬ್ಬಿಸಿಕೊಂಡು ಬಂದ ದಿನದಿಂದ ಅವನು ಮಾವನ ಕೌಂಟರಿಗೆ ಮತ್ತೆ ಹೋಗಲಿಲ್ಲ ಎಂಬಷ್ಟು ಹೇಳಬಹುದು. ರಬಾಳೆಯಲ್ಲಿ ಒಂದು ಕಂಪನಿಯ ಕ್ಯಾಂಟೀನ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಸ್ಟೇಷನ್ನಿನಿಂದ ಮನೆಗೆ ಬರುವಾಗ ವೈನ್ ಶಾಪಿನ ರಸ್ತೆ ತಪ್ಪಿಸಿ, ತರಕಾರಿ ಮಾರ್ಕೆಟ್ಟಿನ ಕೆಸರಿನಲ್ಲಿ ಸುತ್ತು ಹಾಕಿ ಬರುತ್ತಿದ್ದ. ಯಾರ ಮದುವೆಗೂ ಸಂಜೆ ಹೋಗುತ್ತಿರಲಿಲ್ಲ. ಮಧ್ಯಾಹ್ನ ಹೋಗಿ ಅಕ್ಷತೆ ಹಾಕಿ, ಊಟ ಮಾಡಿ, ಬೆಳಕಿರುವಾಗಲೇ ಮನೆ.

ಹೀಗಿರುವಾಗ ತಂಗಿಯ ಮದುವೆ ನಿಶ್ಚಯವಾಯಿತು. ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಲವ್ ಮ್ಯಾರೇಜ್. ಹುಡುಗ ಅವಳ ಆಫೀಸಿನವನು, ಮನೆ ಬದಲಾಪುರ, ಮೂಲ ಧಾರವಾಡದ ಕಡೆ. ಅವರು ಲಿಂಗಾಯತರು, ಶುದ್ಧ ಸಸ್ಯಾಹಾರಿಗಳು. ನಾವು ಮೀನಿಲ್ಲದೆ ಅನ್ನ ಇಳಿಯದವರು. ಎರಡೂ ಕಡೆ ಕನ್ನಡವೇ ಆದರೂ ಅವರ ಕನ್ನಡಕ್ಕೂ ನಮ್ಮ ಕನ್ನಡಕ್ಕೂ ಮಧ್ಯೆ ಒಂದು ಘಾಟಿ ಇದೆ. ತಂಗಿ ಮತ್ತು ಹುಡುಗ ಇಬ್ಬರಿಗೂ ಅದರ ತಲೆಬಿಸಿ ಇಲ್ಲ. ಅವರು ಜಗಳವಾಡುವುದೂ ಹಿಂದಿಯಲ್ಲಿ.

ಮಾತುಕತೆಗೆಂದು ಬದಲಾಪುರಕ್ಕೆ ಹೋದೆವು. ಅಪ್ಪ, ಅಮ್ಮ, ಮಾವ, ನಾನು. ನಮ್ಮಲ್ಲಿ ಸೋದರಮಾವನೇ ದೊಡ್ಡವರು. ಅವರು ಸೋಫಾದಲ್ಲಿ, ಅಪ್ಪ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಬೀಗರು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ನಗು. ಎಲ್ಲ ಸಲೀಸಾಗಿ ನಡೆಯಿತು. ಮದುವೆ ಬೆಳಿಗ್ಗೆ ಅವರ ಪದ್ಧತಿಯಲ್ಲಿ, ಸಂಜೆ ರಿಸೆಪ್ಷನ್ ನಮ್ಮ ಕಡೆಯಿಂದ, ಠಾಣೆಯ ಹಾಲಿನಲ್ಲಿ. ಹಾಲು ಮಾವನ ಪರಿಚಯದ್ದು. ಏಳುವ ಹೊತ್ತಿಗೆ ಬೀಗರು ಮಾವನ ಕೈ ಹಿಡಿದುಕೊಂಡರು.

"ಇನ್ನೊಂದು ಮಾತು ಉಳೀತ್ರಿ. ನಮ್ಮ ಕಡೆ ಹಿರೇರು ಒಂದಷ್ಟು ಮಂದಿ ಬರ್ತಾರ. ಅವರಿಗೆ ಊಟಕ್ಕ ಮೊದಲ ಒಂದೀಟು ಕೂಡಬೇಕಾಗ್ತದ. ಒಂದು ಬ್ಯಾರೆ ಖೋಲಿ, ನೀರು. ಅಷ್ಟ ವ್ಯವಸ್ಥಾ ಮಾಡಿದ್ರ ಛಲೋ ಆಗ್ತದ. ನಿಮಗ ತಿಳೀತದಲ್ರಿ, ನಾ ಬಿಡಿಸಿ ಹೇಳೂದು ಬ್ಯಾಡ."

ಕೂಡುವುದು ಎಂದರೆ ಅವರ ಕನ್ನಡದಲ್ಲಿ ಕೂತುಕೊಳ್ಳುವುದು. ಮಾವನ ಮುಖ ಅರಳಿತು. ಜೀವಮಾನವಿಡೀ ಅದೇ ಧಂದೆ ಮಾಡಿದವರು. "ಬೀಗರೇ, ಅದು ನನಗೆ ಬಿಡಿ. ಅದರಲ್ಲಿ ನಮ್ಮನ್ನು ಮೀರಿಸುವವರು ಈ ಲೈನಿನಲ್ಲಿ ಯಾರೂ ಇಲ್ಲ."

"ನೀವು ಅದೀರಲ್ಲ, ನಮಗೇನು ಚಿಂತಿ!" ಎಂದರು ಬೀಗರು.

ನಾನು ಅಪ್ಪನ ಕಡೆ ನೋಡಿದೆ. ಅಪ್ಪ ಚಹಾದ ಕಪ್ಪಿನ ತಳ ನೋಡುತ್ತಿದ್ದ.

ವಾಪಸ್ ಟ್ರೇನಿನಲ್ಲಿ ಅಮ್ಮ ಮತ್ತು ಅಪ್ಪ ಕಿಟಕಿ ಪಕ್ಕ ಕೂತಿದ್ದರು. ನಾನು ಮಾವನನ್ನು ಬಾಗಿಲ ಹತ್ತಿರ ಎಳೆದುಕೊಂಡು ಹೋದೆ.

"ಮಾವ, ಬಾರ್ ಎಲ್ಲ ಬೇಡ."

"ಬೇಡ ಅಂದ್ರೆ? ಗಂಡಿನ ಕಡೆಯವರು ಬಾಯಿ ಬಿಟ್ಟು ಕೇಳಿದ್ದಾರೆ ಮಾರಾಯ್ತಿ. ಕೇಳಿದ್ದೇ ಅದೊಂದು."

"ಅವರು ಮೊಟ್ಟೆ ಮುಟ್ಟುವುದಕ್ಕೂ ಯೋಚನೆ ಮಾಡುವ ಜನ. ಕುಡೀತಾರಾ?"

"ವೆಜ್ಜಿನವರೇ ಜಾಸ್ತಿ ಕುಡಿಯುವುದು. ನನ್ನ ಗಲ್ಲಾದಲ್ಲಿ ಒಂದು ದಿನ ಕೂತು ನೋಡು. ಮೀನು ತಿನ್ನುವವನು ತಿನ್ನುವುದರಲ್ಲೇ ಮುಗಿಸ್ತಾನೆ. ಪನೀರಿನವನು ಹಾಗಲ್ಲ, ಕುಡೀತಾ ಹೋಗ್ತಾನೆ."

"ಅಪ್ಪ ಇದ್ದಾರೆ, ಮಾವ."

ಮಾವ ಹೊರಗೆ ನೋಡಿದರು. ಅಂಬರನಾಥ ದಾಟಿತ್ತು. "ಭಾವ ಈಗ ಸರಿ ಆಗಿದ್ದಾನಲ್ಲ. ಎಷ್ಟು ವರ್ಷ ಅವನನ್ನು ಕಪಾಟಿನಲ್ಲಿ ಇಡ್ತೀರಿ? ಈಗ ನಾವು ಹಿಂದೆ ಸರಿದರೆ ನಾಳೆ ಆ ಮನೆಯಲ್ಲಿ ಮಾತು ಕೇಳುವುದು ನಿನ್ನ ತಂಗಿ. ಮೊದಲೇ ಲವ್ ಮ್ಯಾರೇಜು."

ಮನೆಗೆ ಬಂದು ಅಮ್ಮನ ಹತ್ತಿರ ಹೇಳಿದೆ. ಬೀಗರಿಗೆ ನಾನೇ ಫೋನ್ ಮಾಡಿ ಇದ್ದ ವಿಷಯ ಹೇಳುತ್ತೇನೆ, ಅಪ್ಪ ಹೀಗಿದ್ದರು, ಈಗ ಬಿಟ್ಟಿದ್ದಾರೆ, ಹಾಗಾಗಿ ಬೇಡ ಎನ್ನುತ್ತೇನೆ. ಅಮ್ಮ ಹೆರೆಯುತ್ತಿದ್ದ ತೆಂಗಿನಕಾಯಿಯನ್ನು ಕೆಳಗಿಟ್ಟಳು.

"ನಿನ್ನ ಕಾಲಿಗೆ ಬೀಳ್ತೇನೆ, ಅದೊಂದು ಮಾಡಬೇಡ. ಕುಡುಕನ ಮಗಳು ಅಂತ ಹೆಸರಿಟ್ಟುಕೊಂಡು ಅವಳು ಆ ಮನೆಗೆ ಹೋಗಬೇಕಾ?"

"ಅವರೇ ಕುಡೀತಾರಂತಲ್ಲ ಅಮ್ಮ!"

"ಅವರದ್ದು ಶೋಕಿ. ನಮ್ಮದು ರೋಗ. ಜನ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ."

ಅಲ್ಲಿಗೆ ಆ ಬಾಗಿಲು ಮುಚ್ಚಿತು. ಮಾವನಿಗೆ ಕಾರಣ ಗೊತ್ತು, ಕೇಳುವುದಿಲ್ಲ. ಬೀಗರು ಕೇಳಬಹುದು, ಕಾರಣ ಹೇಳುವಂತಿಲ್ಲ. ತಂಗಿಗೆ ಹೇಳಿ ನೋಡಿದೆ. ಅವಳು ಲ್ಯಾಪ್‌ಟಾಪ್ ಮುಚ್ಚಲೇ ಇಲ್ಲ. "ಅಕ್ಕಾ, ನನಗೂ ನಹೀ ಚಾಹಿಯೇ. ಲೇಕಿನ್ ಮಾವನ ಮರ್ಯಾದೆಯ ಸವಾಲ್ ಹೈ ನಾ. ಬಾರ್ ಇಡ್ತಾರೆ ಅಂತ ಅವನಿಗೂ ಬತಾಯಾ, ಅವನು ಏನೂ ಹೇಳಲಿಲ್ಲ. ಚುಪ್ ಥಾ." ಹುಡುಗ ಯಾಕೆ ಚುಪ್ ಇದ್ದ ಎಂದು ಆಗ ಇಬ್ಬರೂ ಯೋಚಿಸಲಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಆದರೂ ಸುಮ್ಮನಿರಲಾಗದೆ ಒಂದು ದಿನ, ಮದುವೆಯಾಗಿ ಸೇರಿದ ಕೋಪರಖೈರಣೆಯ ನನ್ನ ಮನೆಯಿಂದ ಬೀಗರಿಗೆ ಫೋನ್ ಮಾಡಿದೆ. ಕಾರಣ ಹೇಳದೆ, ಸುತ್ತಿ ಬಳಸಿ ಕೇಳೋಣ ಎಂದುಕೊಂಡೆ. ಆ ಮಾತುಕತೆ ಇವತ್ತಿಗೂ ನನಗೆ ಶಬ್ದ ಶಬ್ದವೂ ನೆನಪಿದೆ.

"ಅಂಕಲ್, ಆ ದಿನ ಹೇಳಿದ್ರಲ್ಲ, ಹಿರಿಯರು ಕೂಡುವ ವಿಷಯ. ಅದು ಬೇಕೇ ಬೇಕಾ?"

"ಅಯ್ಯ, ಬೇಕ ಬೇಕ್ರಿ ಯವ್ವಾ! ಅದಿಲ್ಲದ ಒಂದು ತುತ್ತು ಬಾಯಾಗ ಇಡಂಗಿಲ್ಲ ಅವರು. ನಮ್ಮ ಕಾಕಾರು ಅದಾರಲ್ಲ, ತೊಂಬತ್ತರ ಹತ್ರ ಬಂದಾರ. ಇವತ್ತಿಗೂ ದಿನಾ ಎರಡು ಹೊತ್ತು ತಪ್ಪಿಸಿಲ್ಲ."

"ಎರಡು ಹೊತ್ತಾ?"

"ಹೌದ್ರಿ. ಮುಂಜಾನೆ ಎದ್ದು ಜಳಕಾ ಮಾಡಿದ ಕೂಡಲೇ ಒಮ್ಮೆ, ಸಂಜೀಕ ಒಮ್ಮೆ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. "ಮನೆಯಲ್ಲಿ ಎಲ್ಲರೂ... ಹಾಗೇನಾ?"

"ಹೆಣ್ಮಕ್ಕಳೂ ಸೈತ! ಈಗಿನ ಹುಡುಗರು ಬಿಟ್ಟಾರ, ನನ್ನ ಮಗಾನೂ ಬಿಟ್ಟಾನ. ಅದಕ್ಕ ನನಗ ಭಾಳ ಬ್ಯಾಸರ ಅದ. ನಿಮ್ಮ ತಂಗೀಗೆ ಹೇಳ್ರಿ, ಬಂದ ಮ್ಯಾಲೆ ಅವನಿಗೆ ಮತ್ತ ಹಚ್ಚಬೇಕು ಅಂತ. ಆಕೀನೂ ನಿಧಾನಕ್ಕ ಕಲೀತಾಳ ತಗೋರಿ."

ಫೋನಿಟ್ಟು ನಾನು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ನಗಬೇಡಿ. ಅಪ್ಪನನ್ನು ಕುಡಿತದಿಂದ ಬಿಡಿಸಿಕೊಂಡ ಮನೆಯಿಂದ ತಂಗಿಯನ್ನು, ಹೆಂಗಸರೂ ಬೆಳಿಗ್ಗೆ ಸ್ನಾನ ಮಾಡಿ ಶುರು ಮಾಡುವ ಮನೆಗೆ ಕಳಿಸುತ್ತಿದ್ದೇವೆ. ನಾನು ಬೇಡ ಎಂದರೆ ಮದುವೆ ಮುರಿಯುತ್ತದೆ. ಮುರಿದರೆ ತಂಗಿ ಮುರಿಯುತ್ತಾಳೆ. ಸಂಜೆ ಮಾವನಿಗೆ ವರದಿ ಒಪ್ಪಿಸಿದೆ. ಮಾವ ಸಂತೋಷದಿಂದ, "ನೋಡು! ದಿನಾ ಎರಡು ಹೊತ್ತಂತೆ. ಹಾಗಾದರೆ ಲೋಕಲ್ ಮಾಲು ನಡೆಯುವುದಿಲ್ಲ" ಎಂದರು.

ಬಾರಿನ ಸರ್ವಿಸ್ ಗೊತ್ತುಮಾಡಲು ವಾಶಿಗೆ ಹೋಗುವಾಗ ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ನಿಲ್ಲಿಸಲಾಗದಿದ್ದರೆ ಸಣ್ಣದು ಮಾಡುವುದು ಎಂಬ ಲೆಕ್ಕ. ಅದೊಂದು ಎಸಿ ಆಫೀಸು. ಕೂದಲಿಗೆ ಜೆಲ್ ಹಾಕಿದ ಯುವಕನೊಬ್ಬ ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿದ. ನೀಲಿ ಲೈಟಿನ ಕೌಂಟರು, ಹೊಗೆ ಬರುವ ಗ್ಲಾಸು, ಬಾಟಲಿಗಳನ್ನು ಗಾಳಿಯಲ್ಲಿ ಹಾರಿಸಿ ಹಿಡಿಯುವ ಹುಡುಗರು.

"ಮ್ಯಾಡಮ್, ಥೀಮ್ ಕ್ಯಾ ಹೈ?"

"ಥೀಮ್ ಶಾದಿ ಹೈ," ಎಂದರು ಮಾವ. ನನ್ನ ಕಡೆ ತಿರುಗಿ, "ಬಾಟ್ಲಿ ಹಾರಿಸಿದರೆ ಒಳಗಿನ ಮಾಲು ಬದಲಾಗ್ತದಾ? ನನ್ನ ಬಾರಿನಲ್ಲಿ ಹಾರಿಸಿದರೆ ಅವತ್ತೇ ಹೊರಗೆ."

"ಔರ್ ಕ್ರೌಡ್ ಕೈಸಾ ಹೈ, ಸರ್? ಲೈಟ್ ಯಾ ಹೆವಿ?"

"ಹೆವಿ," ಎಂದರು ಮಾವ, ನಿಟ್ಟುಸಿರು ಬಿಟ್ಟು. "ಡೇಲಿ ದೋ ಟೈಮ್."

ಯುವಕ ಗೌರವದಿಂದ ತಲೆ ಅಲ್ಲಾಡಿಸಿದ.

ಆಮೇಲೆ ಆಯ್ಕೆ ಶುರುವಾಯಿತು. ಬಿಯರ್ ಸಾಕು ಎಂದೆ. ತೊಂಬತ್ತರ ಮುದುಕ ಬಿಯರ್ ಕುಡಿದು ರಾತ್ರಿಯಿಡೀ ಬಾತ್‌ರೂಮಿಗೆ ಓಡಬೇಕಾ ಎಂದರು ಮಾವ. ವಿಸ್ಕಿ ಬಂತು. ಒಂದೇ ಥರ ಸಾಕು ಎಂದೆ. ಎರಡಾಯಿತು. ಹೆಂಗಸರಿಗೆ ವೈನ್ ಎಂದ ಯುವಕ. ಬೇಡ ಎನ್ನಲು ಬಾಯಿ ತೆರೆದವಳು ಬೀಗರ ಮಾತು ನೆನಪಾಗಿ ಮುಚ್ಚಿದೆ. ಕುಡಿಯದವರಿಗೆ ಮಾಕ್‌ಟೇಲ್ ಅಂತ ಬಣ್ಣಬಣ್ಣದ ಸಕ್ಕರೆ ನೀರು ತೋರಿಸಿದ. ಅದರ ಬದಲು ಪುನರ್ಪುಳಿ ಶರಬತ್ತು ಇರಲಿ ಎಂದೆ. ಅವನಿಗೆ ತಿಳಿಯಲಿಲ್ಲ. ಕೋಕಮ್ ಎಂದಮೇಲೆ "ಓ, ಘರ್‌ವಾಲಾ ಟಚ್" ಎಂದು ಬರೆದುಕೊಂಡ. ನಾನು ಆ ಮಧ್ಯಾಹ್ನ ಗೆದ್ದದ್ದು ಅದೊಂದೇ ಎಂದುಕೊಳ್ಳುವಷ್ಟರಲ್ಲಿ ಅವನು ಪುಟ ಸರಿಸಿದ. "ಔರ್ ರಮ್."

"ರಮ್ ಬೇಡ," ಎಂದೆ.

"ಯಾಕೆ ಬೇಡ? ಡಿಸೆಂಬರಿನ ಥಂಡಿ, ಮುದುಕರು..." ಎಂದು ಮಾವ ಶುರು ಮಾಡಿ ನನ್ನ ಮುಖ ನೋಡಿದರು. ಅಪ್ಪ ಅವರ ಕೌಂಟರಿನಲ್ಲಿ ಅಳೆದುಕೊಳ್ಳುತ್ತಿದ್ದದ್ದು ಏನು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

"ಸರ್, ರಮ್ ತೋ ಬೇಸಿಕ್ ಹೈ," ಎಂದ ಯುವಕ.

"ನಹೀ ಚಾಹಿಯೇ ಬೋಲಾ ನಾ!" ಮಾವನ ದನಿ ಜೋರಾಯಿತು. ಆಮೇಲೆ ಲಿಫ್ಟಿನಲ್ಲಿ ಕೆಳಗೆ ಬರುವಾಗ, ಬಾಗಿಲಿನ ಕಡೆ ಮುಖ ಮಾಡಿಯೇ, "ಆ ಕೌಂಟರಿನಲ್ಲಿ ಅವನನ್ನು ನಿಲ್ಲಿಸಿದ್ದು ನಾನೇ ಅಲ್ವಾ ಮಗಾ," ಎಂದರು. ಅಷ್ಟೇ. ಬಾರು ರದ್ದಾಗಲಿಲ್ಲ.

ಅಪ್ಪನಿಗೆ ಯಾರೂ ಹೇಳಲಿಲ್ಲ. ಹೇಳದಿದ್ದರೂ ಅವನಿಗೆ ಗೊತ್ತಿತ್ತು, ಅವನೂ ಬದಲಾಪುರದ ಆ ಕುರ್ಚಿಯಲ್ಲಿ ಕೂತಿದ್ದನಲ್ಲ. ಒಂದು ಭಾನುವಾರ ನಾನು ಡೊಂಬಿವಲಿಗೆ ಹೋದಾಗ ಅವನು ರಿಸೆಪ್ಷನ್ನಿನ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ, ಇನ್ನೂ ಎಷ್ಟೋ ದಿನ ಇದ್ದರೂ. ತಲೆ ಎತ್ತದೆ ಹೇಳಿದ.

"ಆ ದಿನ ನಾನು ಎಲ್ಲಿ ನಿಲ್ಲಬೇಕು ಅಂತ ಈಗಲೇ ಹೇಳಿಬಿಡು."

"ಎಲ್ಲಿ ಅಂದ್ರೆ? ಹುಡುಗಿಯ ಅಪ್ಪ, ಸ್ಟೇಜಿನಲ್ಲಿ."

"ಸ್ಟೇಜಿನಿಂದ ಇಳಿದ ಮೇಲೆ? ಆಮೇಲೆ ಎಲ್ಲರೆದುರು ಕೈ ಹಿಡಿದು ಎಳೆಯುವುದು ಬೇಡ. ಎಲ್ಲಿಯವರೆಗೆ ಹೋಗಬಹುದು, ಎಲ್ಲಿಂದ ವಾಪಸ್ ಬರಬೇಕು, ಹೇಳು. ಹಾಗೇ ಮಾಡ್ತೇನೆ."

ಅಮ್ಮ ಒಳಗಿನಿಂದಲೇ ಉತ್ತರ ಕೊಟ್ಟಳು. "ನೀವು ಇವಳ ಜೊತೆ ಇರಿ. ಇವಳು ಎಲ್ಲಿ ಇರ್ತಾಳೋ ಅಲ್ಲಿ." ಅಂದರೆ ಮತ್ತೆ ಬೆನ್ನಿಗೆ ಕೈ. ಮತ್ತೆ, ಹೋಗು, ಅಪ್ಪನ ಕೊರಳಿಗೆ ಬೀಳು. ನನಗೆ ಆಗ ಒಂದು ಮಗುವಿತ್ತು, ಕೂದಲು ಅಲ್ಲಲ್ಲಿ ಬೆಳ್ಳಗಾಗುತ್ತಿತ್ತು, ನೌಕರಿ ಬದಲಾಗುತ್ತ ಬಂದಿತ್ತು. ಇದೊಂದು ನೌಕರಿಯಿಂದ ಮಾತ್ರ ಬಿಡುಗಡೆ ಇರಲಿಲ್ಲ. ಅಪ್ಪನಿಗೂ ಇರಲಿಲ್ಲ.

ರಿಸೆಪ್ಷನ್ನಿನ ಸಂಜೆ ಬಂತು. ಠಾಣೆಯ ಆ ಹಾಲಿನಲ್ಲಿ ಸ್ಟೇಜಿನ ಎಡಕ್ಕೆ ಒಂದು ಉದ್ದ ಕೋಣೆ, ಅದೇ ಬಾರು. ಬಾತ್‌ರೂಮಿಗೆ ಹೋಗುವ ದಾರಿಯೂ ಅದರ ಮುಂದಿನಿಂದಲೇ. ಮಾವ ಬಾಗಿಲಿಗೆ ಮಲ್ಲಿಗೆಯ ಪರದೆ ಕಟ್ಟಿಸಿದ್ದರು. ಒಳಗೆ ನೀಲಿ ಲೈಟು, ಐಸಿನ ತೊಟ್ಟಿ, ಸಾಲಾಗಿ ಬಾಟಲಿಗಳು, ಕಪ್ಪು ವೇಸ್ಟ್‌ಕೋಟಿನ ಹುಡುಗರು. ನಾನು ಜರಿ ಸೀರೆಯಲ್ಲಿ ಅಪ್ಪನ ನೆರಳಾಗಿದ್ದೆ. ಅವನು ಯಾರಿಗೋ ಕೈ ಮುಗಿದರೆ ನಾನೂ ಮುಗಿದೆ. ಯಾರೋ ನೆಂಟರು "ಅಪ್ಪನ ಮೇಲೆ ಎಷ್ಟು ಪ್ರೀತಿ ನೋಡಿ, ಬಿಟ್ಟೇ ಇರುವುದಿಲ್ಲ" ಎಂದರು. ಅಪ್ಪ ನಕ್ಕ. ಒಮ್ಮೆ ನನ್ನ ಕಿವಿಯ ಹತ್ತಿರ ಬಗ್ಗಿ, "ಬಾತ್‌ರೂಮಿಗೆ ಹೋಗಬಹುದಾ?" ಎಂದು ಕೇಳಿದ. ತಮಾಷೆಯಾ, ನಿಜವಾಗಿ ಕೇಳಿದ್ದಾ, ತಿಳಿಯಲಿಲ್ಲ. ನಾನು ಜೊತೆಗೆ ಹೋಗಿ ಹೊರಗೆ ಗೋಡೆಗೆ ಒರಗಿ ನಿಂತೆ.

ಅಷ್ಟರಲ್ಲಿ ಗಂಡಿನ ಕಡೆಯ ಹಿರಿಯರು ಬಂದರು. ಮುಂದೆ ಆ ತೊಂಬತ್ತರ ಕಾಕಾ, ಬಿಳಿ ಧೋತರ, ತಲೆಗೆ ರುಮಾಲು, ಕೈಯಲ್ಲಿ ಬಟ್ಟೆಯ ಚೀಲ. ಹಿಂದೆ ಆರೇಳು ಜನ, ಇಬ್ಬರು ಅಜ್ಜಿಯರೂ ಸೇರಿ. ಬೀಗರು ಜೊತೆಗಿದ್ದರು. "ಕೂಡೂ ಖೋಲಿ ಯಾವುದ್ರಿ?" ಎಂದು ಕೇಳಿದರು.

ಮಾವ ಆ ಸಂಜೆಯಿಡೀ ಕಾದಿದ್ದ ಗಳಿಗೆ ಅದು. "ಬನ್ನಿ ಬನ್ನಿ, ಎಲ್ಲ ತಯಾರುಂಟು" ಎಂದು ತಾವೇ ಮಲ್ಲಿಗೆಯ ಪರದೆ ಸರಿಸಿ ಹಿಡಿದರು. ಅಪ್ಪ ಮತ್ತು ನಾನು ಬಾತ್‌ರೂಮಿನ ಕಡೆಯಿಂದ ಬರುತ್ತಿದ್ದೆವು, ಬಾಗಿಲ ಹತ್ತಿರವೇ ನಿಂತೆವು.

ಕಾಕಾ ಒಳಗೆ ಎರಡು ಹೆಜ್ಜೆ ಇಟ್ಟು ನಿಂತರು. ಶರ್ಟಿನ ಮೇಲೆ ಅವರ ಎದೆಗೆ ಬೆಳ್ಳಿಯ ಕರಡಿಗೆ ಇಳಿಬಿದ್ದಿತ್ತು, ಲಿಂಗಾಯತರು ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಗುಂಡನೆಯ ಡಬ್ಬಿ. ಅದರ ಮೇಲೆ ನೀಲಿ ಲೈಟು ಬಿದ್ದು ಹೊಳೆಯಿತು. ಅವರು ಚೀಲದಿಂದ ವಿಭೂತಿಯ ಉಂಡೆ ಹೊರಗೆ ತೆಗೆದದ್ದನ್ನು ಹಾಗೇ ಹಿಡಿದುಕೊಂಡು ಕೇಳಿದರು, "ನೀರು ಎಲ್ಲದ?"

ಕೌಂಟರಿನ ಹುಡುಗ ಚುರುಕಾಗಿ, "ಸೋಡಾ ಯಾ ಪ್ಲೇನ್, ಅಂಕಲ್?"

ನನಗೆ ಆಗ ತಿಳಿಯಿತು. ಕೂಡುವುದು. ಊಟಕ್ಕೆ ಮೊದಲು. ಬೇರೆ ಖೋಲಿ, ನೀರು. ದಿನಾ ಎರಡು ಹೊತ್ತು, ಸ್ನಾನವಾದ ಕೂಡಲೇ. ಹೆಂಗಸರೂ ಸೈತ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂಡುವುದು! ಅವರಿಗೆ ಕೂಡುವುದು ಎಂದರೆ ಕೂಡುವುದು. ನಾವು ಈ ಲೋಕಲ್ ಟ್ರೇನಿನ ಊರುಗಳಲ್ಲಿ ಆ ಶಬ್ದಕ್ಕೆ ಮಾಡಿಟ್ಟ ಗತಿ ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದವನು ಹುಡುಗನೊಬ್ಬನೇ. ಆಮೇಲೆ ತಿಳಿದ ಹಾಗೆ, ಬಾರಿನ ಸುದ್ದಿ ಕೇಳಿದಾಗ ಅವನು, ಹೋಟೆಲಿನವರು, ಇವರ ಕಡೆ ಪದ್ಧತಿ ಇರಬೇಕು, ಬೇಡ ಎಂದರೆ ಬೇಸರ ಮಾಡಿಕೊಂಡಾರು ಎಂದು ತನ್ನ ಅಪ್ಪನಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದ. ಅವನು ನಮಗಾಗಿ ಸಹಿಸಿದ್ದ, ನಾವು ಅವರಿಗಾಗಿ. ಯಾರಿಗೂ ಬೇಡವಾದ ಬಾರು ಹೂವಿನ ಪರದೆ ಹೊದ್ದು ನಿಂತಿತ್ತು.

ಬೀಗರ ಮುಖದ ವಿಭೂತಿ ಮಾತ್ರ ಬೆಳ್ಳಗಿತ್ತು, ಉಳಿದದ್ದೆಲ್ಲ ಕಪ್ಪಿಟ್ಟಿತ್ತು. ಮಾವನ ಕೈ ಪರದೆಯಲ್ಲೇ ಸಿಕ್ಕಿಕೊಂಡಿತ್ತು. ಕಾಕಾ ಬಾಟಲಿಗಳ ಸಾಲನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡಿ, "ಯಪ್ಪಾ, ಇಷ್ಟು ನಮೂನಿ ತೀರ್ಥ ನಾ ಯಾವ ಮಠದಾಗೂ ನೋಡಿಲ್ಲ ಬಿಡು" ಎಂದರು. ನಗೆಯೋ ಸಿಟ್ಟೋ, ಅವರ ಹಲ್ಲಿಲ್ಲದ ಬಾಯಲ್ಲಿ ತಿಳಿಯುವಂತಿರಲಿಲ್ಲ. ಹಿಂದಿನ ಅಜ್ಜಿ ಸೆರಗು ಮೂಗಿಗೆ ಒತ್ತಿಕೊಂಡಳು.

ಆಗ ಅಪ್ಪ ನನ್ನ ಪಕ್ಕದಿಂದ ಹೊರಟ.

ನಾನು ಅವನ ಕೋಟಿನ ತೋಳು ಹಿಡಿದೆ. ಹಿಡಿದ ಬೆರಳುಗಳನ್ನು ಅವನು ಒಂದೊಂದಾಗಿ ಬಿಡಿಸಿದ, ಮೆತ್ತಗೆ, ಮಗುವಿನ ಕೈ ಬಿಡಿಸಿದ ಹಾಗೆ. ನೇರ ಕೌಂಟರಿನ ಹಿಂದಕ್ಕೆ ಹೋದ. ಅಲ್ಲಿ ನಿಂತ ಕೂಡಲೇ ಅವನ ಬೆನ್ನು ನೆಟ್ಟಗಾಯಿತು. ನನಗೆ ಅದು ಇಷ್ಟವಾಗಲಿಲ್ಲ, ಇದ್ದದ್ದನ್ನು ಹೇಳುತ್ತೇನೆ. ಅಷ್ಟು ವರ್ಷಗಳಲ್ಲಿ ಎಲ್ಲೂ ಕಾಣದ ಸರಾಗ ಅವನಿಗೆ ಆ ಜಾಗದಲ್ಲಿ ಬಂತು.

"ಡ್ರೈ ಡೇ!" ಎಂದ ಅಪ್ಪ.

ಬಾರಿನವರಿಗೆ ಆ ಎರಡು ಶಬ್ದ ಸಾಕು. ಚುನಾವಣೆಯ ದಿನ, ಗಾಂಧಿ ಜಯಂತಿಯ ದಿನ, ಪೊಲೀಸರ ಗಾಡಿ ಬೀದಿ ತಿರುವಿನಲ್ಲಿ ಕಂಡಾಗ, ಕೌಂಟರನ್ನು ಕ್ಷಣದಲ್ಲಿ ಖಾಲಿ ಮಾಡುವ ಕೂಗು ಅದು. ಹುಡುಗರು ತಬ್ಬಿಬ್ಬಾದರೂ ಕೈಗಳು ತಾವೇ ಓಡಿದವು. ಅಪ್ಪ ಕ್ರೇಟು ಕಾಲಿನಿಂದ ಎಳೆದುಕೊಂಡ. ಒಂದು ಕೈಗೆ ಎರಡೆರಡು ಬಾಟಲಿ, ಕತ್ತು ಹಿಡಿದು, ಗಾಜಿಗೆ ಗಾಜು ತಾಗದ ಹಾಗೆ ಇಳಿಸುತ್ತ ಹೋದ. ತೆರೆದಿದ್ದ ಒಂದು ವಿಸ್ಕಿಯ ಮುಚ್ಚಳ ಹುಡುಕಿ, ತಿರುಗಿಸಿ, ಬಿಗಿ ಮಾಡಿ ಇಟ್ಟ. ನಾನು ಅವನ ಕೈ ನೋಡುತ್ತಿದ್ದೆ. ಬಿಗಿಯಾದ ಮುಚ್ಚಳವನ್ನು ಅವನು ಇನ್ನೊಮ್ಮೆ ತಿರುಗಿಸಿದ. ಅಥವಾ ನಾನು ಹಾಗೆ ನೋಡಿದೆ.

"ಭಾವ, ನಿಂತು ನೋಡ್ತೀರಾ? ಗಾಡಿ ಹಿಂದಿನ ಗೇಟಿಗೆ ತರಿಸಿ," ಎಂದ. ಅಪ್ಪ ಮಾವನಿಗೆ ಆರ್ಡರ್ ಕೊಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾವ ಓಡಿದರು.

ಆಮೇಲೆ ನೀಲಿ ಲೈಟು ಆರಿಸಿ ಟ್ಯೂಬ್‌ಲೈಟು ಹಾಕಿಸಿದ. ನೆಲ ಒರೆಸಿಸಿದ. ಊಟದ ಕಡೆಯಿಂದ ಹೊಸ ಚಾಪೆ, ಹೊಸ ಕೊಡದಲ್ಲಿ ನೀರು. ಬಾಗಿಲಿನ ಮಲ್ಲಿಗೆ ಹಾಗೇ ಇರಲಿ ಎಂದ. ಕೈಗೆ ಸೋಪು ಹಾಕಿ ಮೊಣಕೈವರೆಗೆ ತೊಳೆದು ಬಂದು ಕಾಕಾರ ಎದುರು ಕೈ ಮುಗಿದು ನಿಂತ.

"ತಪ್ಪಾಯ್ತು. ನಮಗೆ ಅರ್ಥ ಆಗಲಿಲ್ಲ. ಕೂತುಕೊಳ್ಳುವುದು ಅಂದರೆ ನಮ್ಮ ಕಡೆ ಬೇರೆ ಅರ್ಥ ಬರ್ತದೆ."

ಕಾಕಾ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೈ ಭಾಳ ಚಾಲೂ ಅದ ನಿಮ್ಮದು. ಅಂಗಡ್ಯಾಗಿದ್ರೇನು?"

ಅಮ್ಮ ಅಷ್ಟು ದಿನ ಹೆದರಿದ ಪ್ರಶ್ನೆ ಎಲ್ಲರೆದುರು ಬಂದು ನಿಂತಿತು.

"ಇದ್ದೆ," ಎಂದ ಅಪ್ಪ. "ಮಾರ್ತಿದ್ದೆ. ಕುಡೀತಲೂ ಇದ್ದೆ. ಬಿಟ್ಟಿದ್ದೇನೆ."

ಬೀಗರು ನೆಲ ನೋಡಿದರು. ಕಾಕಾ ಚಾಪೆಯ ಮೇಲೆ ಮೊಣಕಾಲು ಮಡಿಸುವ ಕಷ್ಟದಲ್ಲಿದ್ದರು, ಅಪ್ಪನ ಭುಜ ಹಿಡಿದುಕೊಂಡೇ ಕೆಳಗಿಳಿದರು. ಕೂತಾದ ಮೇಲೂ ಭುಜ ಬಿಡಲಿಲ್ಲ. "ಬಿಟ್ಟೀರಲ್ಲ, ಮತ್ತ್ಯಾಕ ನಿಂತೀರಿ? ಬರ್ರಿ, ಕೂಡ್ರಿ."

ಅಪ್ಪ ಕೂತ. ಕಣ್ಣು ಮುಚ್ಚಿದವರ ಸಾಲಿನಲ್ಲಿ ಅವನೊಬ್ಬ ಕಣ್ಣು ತೆರೆದು, ಕೋಟು ಹಾಕಿಕೊಂಡು, ತನ್ನ ಅಂಗೈ ನೋಡುತ್ತ ಕೂತಿದ್ದ. ನಾನು ಪರದೆಯ ಹೊರಗೆ ನಿಂತೆ. ಅಮ್ಮ ಸ್ಟೇಜಿನಿಂದ ನನಗೆ ಕಣ್ಣಿನಲ್ಲೇ ಕೇಳುತ್ತಿದ್ದಳು, ಎಲ್ಲಿ, ಎಲ್ಲಿ? ನಾನು ಪರದೆಯ ಕಡೆ ತೋರಿಸಿದೆ. ಅವಳಿಗೆ ಅದು ಬಾರು. ಅವಳ ಮುಖ ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.

ಎಲ್ಲ ಸುಖಾಂತವಾಯಿತು ಎಂದು ತಿಳಿಯಬೇಡಿ. ನಮ್ಮ ಕಡೆಯ ಗಂಡಸರು ಹಿಂದಿನ ಗೇಟಿನಲ್ಲಿ ಮಾವನ ಗಾಡಿ ಪತ್ತೆ ಹಚ್ಚಿ ಒಬ್ಬೊಬ್ಬರಾಗಿ "ಫೋನ್ ಬಂತು" ಎಂದು ಇಳಿದು ಹೋದರು. ಗಾಡಿ ಎಲ್ಲಿದೆ ಎಂದು ಅಪ್ಪನಿಗೂ ಗೊತ್ತಿತ್ತು, ತರಿಸಿದ್ದೇ ಅವನು. ಬೀಗರು ಆಮೇಲೆ ಒಂದಷ್ಟು ತಿಂಗಳು ಮಾತು ಅಳೆದು ಆಡಿದರು. ಅಮ್ಮ ಅಪ್ಪನ ಜೊತೆ ಒಂದು ವಾರ ಮಾತಾಡಲಿಲ್ಲ, ಯಾರು ಕೇಳಿದ್ದರು 'ಕುಡೀತಲೂ ಇದ್ದೆ' ಎಂದು ಸೇರಿಸಲು? ಮಾರ್ತಿದ್ದೆ ಎಂದರೆ ಸಾಕಿರಲಿಲ್ಲವಾ?

ಆ ಸಂಜೆ ಪೂಜೆ ಮುಗಿಸಿ ಹಿರಿಯರು ಊಟಕ್ಕೆ ಎದ್ದರು. ಅಪ್ಪ ಪರದೆ ಸರಿಸಿ ಹೊರಬಂದ. ಹಣೆಯ ಮೇಲೆ ವಿಭೂತಿ, ಯಾರು ಹಚ್ಚಿದರೋ. ಕೌಂಟರಿನಲ್ಲಿ ಉಳಿದಿದ್ದ ಪುನರ್ಪುಳಿ ಶರಬತ್ತಿನ ಗ್ಲಾಸೊಂದು ಕೈಯಲ್ಲಿತ್ತು, ನಿಂತಲ್ಲೇ ಕುಡಿದ. ಅವನೇ ನನ್ನ ಎದುರು ಬಂದು, ಸ್ವಲ್ಪ ಬಗ್ಗಿ, ಮುಖದ ಹತ್ತಿರ ಬಾಯಿ ತಂದು "ಹಾ" ಎಂದು ಉಸಿರು ಬಿಟ್ಟ.

ಅಂದರೆ ಅವನಿಗೆ ಗೊತ್ತಿತ್ತು. ಅಷ್ಟು ವರ್ಷ ಆ ಹುಡುಗಿ ಯಾಕೆ ಓಡಿ ಬಂದು ಕೊರಳಿಗೆ ಬೀಳುತ್ತಿದ್ದಳು ಎಂದು ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಎತ್ತಿಕೊಳ್ಳುತ್ತಿದ್ದ.

ಮುಖ ತಿರುಗಿಸಿಕೊಂಡೆ ಎಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು. ನಾನು ಮೂಸಿದೆ. ಪುನರ್ಪುಳಿ, ಜೀರಿಗೆ, ವಿಭೂತಿಯ ಒಣ ವಾಸನೆ.

"ಪಾಸಾ?" ಎಂದ.

ತಲೆ ಆಡಿಸಿದೆ, ಅಡ್ಡಕ್ಕೆ, ವಾಸನೆಯಿಲ್ಲ ಎನ್ನುವ ಹಳೆಯ ಅಭ್ಯಾಸ. ಅವನು ಗಾಬರಿಯಾಗಿ ಮತ್ತೊಮ್ಮೆ ಉಸಿರು ಬಿಡಲು ಬಾಯಿ ತೆರೆದ. "ಪಾಸ್, ಪಾಸ್," ಎಂದೆ, ಜೋರಾಗಿ.

"ಹಾಗಾದರೆ ಸ್ಟೇಜಿಗೆ ಹೋಗಬಹುದಾ? ಫೋಟೋದವನು ಕರೀತಿದ್ದಾನೆ."

ಹೋಗಿ ಎಂದೆ. ಅವನು ಹೋದ. ಅಭ್ಯಾಸಬಲ, ನಾನೂ ಹಿಂದೆಯೇ ಹೋದೆ.